ಸೂಜಿ ಮೊದಲೋ, ತುತ್ತು ಮೊದಲೋ? ನಿಧಾನವಾಗಿ ಅರಗುವ ಊಟಕ್ಕೆ ಇನ್ಸುಲಿನ್ ಹೊತ್ತು ಹೊಂದಿಸುವ ಬಗೆ

ಮಧ್ಯಾಹ್ನ ಒಂದೂಕಾಲಿಗೆ ಇನ್ಸುಲಿನ್, ಒಂದೂವರೆಗೆ ಊಟ. ತಟ್ಟೆಯಲ್ಲಿ ಎರಡು ಜೋಳದ ರೊಟ್ಟಿ, ದೊಡ್ಡ ಬಟ್ಟಲು ತುಂಬ ಹುರುಳಿಕಾಳಿನ ಪಲ್ಯ, ಎಣ್ಣೆ ಹಾಕಿ ಕಲಸಿದ ಶೇಂಗಾ ಚಟ್ನಿಪುಡಿ. ಎರಡೂಮುಕ್ಕಾಲಿಗೆ ಕೈ ನಡುಕ, ಬೆವರು. ಮೀಟರ್ ಹಚ್ಚಿದರೆ ರಕ್ತದ ಸಕ್ಕರೆ, ಅಂದರೆ ಶುಗರ್, 64. ಸಕ್ಕರೆ ತಿಂದು ಸುಧಾರಿಸಿಕೊಂಡದ್ದಾಯಿತು. ಸಂಜೆ ಆರಕ್ಕೆ ಮತ್ತೆ ನೋಡಿದರೆ 238.

ಇಂಥ ಎರಡು ಅಂಕಿ ಒಂದೇ ಊಟದಿಂದ ಬಂದಾಗ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಲೋ ಆಯ್ತಲ್ಲ (ಶುಗರ್ 70ರ ಕೆಳಗಿಳಿಯಿತಲ್ಲ), ಡೋಸ್ ಇಳಿಸಿ ಎನ್ನುವವರು ಒಬ್ಬರು. 238 ಬಂದಿದೆ, ಎರಡು ಯೂನಿಟ್ ಏರಿಸಿ ಎನ್ನುವವರು ಇನ್ನೊಬ್ಬರು. ಇಳಿಸಿದರೆ ಸಂಜೆಯದು ಇನ್ನೂ ಏರುತ್ತದೆ, ಏರಿಸಿದರೆ ಮಧ್ಯಾಹ್ನದ ಲೋ ಇನ್ನೂ ಕೆಡುತ್ತದೆ. ಇಲ್ಲಿ ಡೋಸ್ ಬಹುಶಃ ಸರಿಯಾಗಿಯೇ ಇದೆ. ಇನ್ಸುಲಿನ್ ಬೇಗ ಬಂದು ಕೆಲಸ ಮುಗಿಸಿ ಹೋಯಿತು, ಊಟ ತಡವಾಗಿ ರಕ್ತಕ್ಕೆ ಇಳಿಯಿತು. ಇಂಥ ಊಟಕ್ಕೆ ಮೊದಲು ಮುಟ್ಟಬೇಕಾದ್ದು ಗಡಿಯಾರವನ್ನು. ಯೂನಿಟ್ ಆಮೇಲಿನ ಮಾತು.

ಮುಂದಿರುವುದೆಲ್ಲ ಊಟದ ಹೊತ್ತಿನ ಇನ್ಸುಲಿನ್ ತೆಗೆದುಕೊಳ್ಳುವವರಿಗೆ. ರಾತ್ರಿ ಒಂದೇ ಹೊತ್ತು ಗ್ಲಾರ್ಜಿನ್ ಥರದ ದೀರ್ಘಾವಧಿ ಇನ್ಸುಲಿನ್ ಮಾತ್ರ ತೆಗೆದುಕೊಳ್ಳುವವರಿಗೆ ಇದು ಅನ್ವಯಿಸುವುದಿಲ್ಲ. ಹೊತ್ತು ಬದಲಿಸುವ ಮುನ್ನ ನಿಮ್ಮ ಡಾಕ್ಟರಿಗೆ ಒಂದು ಮಾತು ತಿಳಿಸಿ. ಗರ್ಭಿಣಿಯರು, ಚಿಕ್ಕ ಮಕ್ಕಳು, ಕಿಡ್ನಿ ತೊಂದರೆ ಇರುವವರು, ಲೋ ಆದರೂ ಮೈಗೆ ಗೊತ್ತಾಗದವರು ಡಾಕ್ಟರನ್ನು ಕೇಳದೆ ಒಂದು ನಿಮಿಷವನ್ನೂ ಬದಲಿಸಬಾರದು.

ಮೊದಲು ಬಾಟಲಿ ಮೇಲಿನ ಹೆಸರು ಓದಿ

"ಇನ್ಸುಲಿನ್ ತಗೊಳ್ತೀನಿ ಸಾರ್" ಅಂದರೆ ಸಾಲದು, ಯಾವುದು ಅನ್ನುವುದು ಮುಖ್ಯ. ಊಟದ ಇನ್ಸುಲಿನ್‌ನಲ್ಲಿ ನಮ್ಮ ಕಡೆ ಮೂರು ಬಗೆ ಬಳಕೆಯಲ್ಲಿವೆ.

ರೆಗ್ಯುಲರ್ ಇನ್ಸುಲಿನ್ ನೀರಿನಂತೆ ತಿಳಿಯಾಗಿರುತ್ತದೆ. ಚುಚ್ಚಿದ ಸುಮಾರು ಅರ್ಧ ಗಂಟೆಗೆ ಕೆಲಸ ಶುರು, 2ರಿಂದ 4 ಗಂಟೆ ನಡುವೆ ಜೋರು, ಬಾಲ 6ರಿಂದ 8 ಗಂಟೆವರೆಗೆ. ಊಟಕ್ಕೆ 30 ನಿಮಿಷ ಮುಂಚೆ ತಗೊಳ್ಳಿ ಎಂದು ಹೇಳುವುದು ಇದಕ್ಕೇ.

ಲಿಸ್ಪ್ರೊ, ಆಸ್ಪಾರ್ಟ್, ಗ್ಲುಲಿಸಿನ್ ಇವು ವೇಗದವು. 10-15 ನಿಮಿಷಕ್ಕೆ ಶುರು, ಒಂದರಿಂದ ಎರಡು ಗಂಟೆಯೊಳಗೆ ಜೋರು, 3ರಿಂದ 5 ಗಂಟೆಗೆ ಮುಗಿಯಿತು. ಮೇಲಿನ ಉದಾಹರಣೆಯಲ್ಲಿ ಕೆಲಸ ಮಾಡಿದ್ದು ಇಂಥದ್ದು.

ಮೂರನೆಯದು ಮಿಶ್ರಣ, ಅಂದರೆ 30/70. ಹಾಲಿನಂತೆ ಮಸುಕಾಗಿರುತ್ತದೆ. 30 ಪಾಲು ಬೇಗ ಕೆಲಸ ಮಾಡುವಂಥದ್ದು, 70 ಪಾಲು ತಡವಾಗಿ ಶುರುವಾಗಿ ಬಹಳ ಹೊತ್ತು ಎಳೆಯುವಂಥದ್ದು. ಇದರೊಂದಿಗೆ ಹೊತ್ತಿನ ಆಟ ಆಡಲು ಬಹಳ ಜಾಗ ಇಲ್ಲ. ಸೂಜಿಯನ್ನು ಅರ್ಧ ಗಂಟೆ ಆಚೆ ತಳ್ಳಿದರೆ ಊಟಕ್ಕೆ ಬೇಕಾದ 30 ಪಾಲಿನ ಜೊತೆಗೆ ಮುಂದಿನ ಹೊತ್ತಿನವರೆಗೆ ಕೆಲಸ ಮಾಡಬೇಕಾದ 70 ಪಾಲೂ ಜರುಗುತ್ತದೆ. ಮಿಶ್ರಣ ತೆಗೆದುಕೊಳ್ಳುವವರು ಸೂಜಿಯ ಹೊತ್ತನ್ನು ಹಾಗೇ ಬಿಟ್ಟು ತಟ್ಟೆಯನ್ನು ಹೊಂದಿಸಿಕೊಳ್ಳುವುದೇ ವಾಸಿ: ದಿನಾ ಒಂದೇ ಹೊತ್ತಿಗೆ, ಹೆಚ್ಚುಕಡಿಮೆ ಒಂದೇ ಅಳತೆಯ ಊಟ.

ನಮ್ಮ ತಟ್ಟೆಯಲ್ಲಿ ನಿಜಕ್ಕೂ ನಿಧಾನದ್ದು ಯಾವುದು

ಇಲ್ಲಿ ತಪ್ಪು ತಿಳಿವಳಿಕೆ ಬಹಳ. ಎಲ್ಲಕ್ಕಿಂತ ದೊಡ್ಡದು ಮುದ್ದೆಯದು. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆ ಶುಗರ್ ಬಂತು ಅಂದ ಕೂಡಲೇ ಅನ್ನ ಬಿಡಿಸಿ ಮೂರು ಹೊತ್ತೂ ಮುದ್ದೆ ಬಡಿಸುತ್ತಾರೆ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ನಾರಿದೆ, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟನ್ನು ಕುದಿಯುವ ನೀರಲ್ಲಿ ತಿರುವಿ ಬೇಯಿಸಿದ ಮೇಲೆ ಅದರ ಪಿಷ್ಟ ಪೂರ್ತಿ ಅರಳಿಬಿಡುತ್ತದೆ; ಹೊಟ್ಟೆಯಲ್ಲಿ ಒಡೆಯಲು ಹೆಚ್ಚು ಹೊತ್ತು ಬೇಕಿಲ್ಲ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 55 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಇದೆ. ಹಾಗಾಗಿ ತಿಳಿ ಸಾರಿನ ಜೊತೆ ಉಂಡ ಮುದ್ದೆಯನ್ನು "ನಿಧಾನದ ಊಟ" ಎಂದು ಲೆಕ್ಕ ಹಾಕಿ ಸೂಜಿ ತಡ ಮಾಡಿದರೆ ಒಂದು ಗಂಟೆಗೆ ಶುಗರ್ ಜಿಗಿಯುತ್ತದೆ. ಅದೇ ಮುದ್ದೆಯನ್ನು ಸಣ್ಣದು ಮಾಡಿ ಗಟ್ಟಿ ಕಾಳಿನ ಸಾರು, ಸೊಪ್ಪಿನ ಜೊತೆ ಉಂಡರೆ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ನಿಧಾನ ಮಾಡಿದ್ದು ಕಾಳು.

ನಿಜವಾದ ನಿಧಾನಗಾರರು ಇಡೀ ಕಾಳುಗಳು: ಹುರುಳಿ, ಅಲಸಂದೆ, ಮಡಿಕೆ, ಕಡಲೆ. ಅವುಗಳ ಪಿಷ್ಟ ಸಿಪ್ಪೆ ಮತ್ತು ಜೀವಕೋಶದ ಗೋಡೆಯೊಳಗೆ ಬಂಧಿಯಾಗಿರುತ್ತದೆ, ಜೀರ್ಣರಸ ಒಳಹೊಕ್ಕು ಬಿಡಿಸಬೇಕು. ಗ್ಲೂಕೋಸಿಗೆ 100 ಎಂದಿಟ್ಟು ಆಹಾರದ ವೇಗ ಅಳೆಯುವ ಗ್ಲೈಸೆಮಿಕ್ ಇಂಡೆಕ್ಸ್ ಅನ್ನು 1981ರಲ್ಲಿ ಟೊರೊಂಟೊದ ಡೇವಿಡ್ ಜೆಂಕಿನ್ಸ್ ಮತ್ತವರ ಜೊತೆಗಾರರು ಮುಂದಿಟ್ಟರು. ಆ ಪಟ್ಟಿಯಲ್ಲಿ ಬೇಯಿಸಿದ ಕಡಲೆಕಾಳು 30ರ ಆಸುಪಾಸು, ಶೇಂಗಾ ಅದಕ್ಕೂ ಕೆಳಗೆ. ಕಾಳನ್ನು ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿ ರುಬ್ಬಿಬಿಟ್ಟರೆ ಈ ನಿಧಾನದಲ್ಲಿ ಒಂದಷ್ಟು ಹೋಗುತ್ತದೆ. ಉಸುಳಿಗೂ ರುಬ್ಬಿದ ಸಾರಿಗೂ ಅದೇ ವ್ಯತ್ಯಾಸ.

ಎರಡನೆಯ ಗುಂಪು ಕೊಬ್ಬು ಹೊದ್ದ ವೇಗದ ಆಹಾರ, ದಾವಣಗೆರೆಯವರಿಗೆ ಇದೇ ದೊಡ್ಡ ಸಮಸ್ಯೆ. ಬೆಣ್ಣೆ ದೋಸೆಯನ್ನೇ ನೋಡಿ. ಹಿಟ್ಟಿಗೆ ಅಕ್ಕಿ, ಉದ್ದು, ಜೊತೆಗೆ ಮಂಡಕ್ಕಿ. ಪಕ್ಕದಲ್ಲಿ ಆಲೂಗಡ್ಡೆ ಪಲ್ಯ. ಇವು ತಮ್ಮಷ್ಟಕ್ಕೆ ವೇಗದವು. ಆದರೆ 15 ಗ್ರಾಂ ಬೆಣ್ಣೆಯಲ್ಲಿ ಸುಮಾರು 12 ಗ್ರಾಂ ಕೊಬ್ಬಿದೆ. ಮೂರು ದೋಸೆ ಆಗುವಷ್ಟರಲ್ಲಿ ಬೆಣ್ಣೆ, ಕಾಯಿಚಟ್ನಿ ಸೇರಿ 40 ಗ್ರಾಂ ಮುಟ್ಟುವುದು ಕಷ್ಟವಲ್ಲ. ಸಣ್ಣ ಕರುಳಿಗೆ ಕೊಬ್ಬು ತಾಗಿದಾಗ ಅದು ಜಠರಕ್ಕೆ "ಸ್ವಲ್ಪ ತಡಿ" ಎಂದು ಹಾರ್ಮೋನ್ ಮೂಲಕ ಹೇಳಿ ಕಳಿಸುತ್ತದೆ, ಬಾಗಿಲು ಬಿಗಿಯಾಗುತ್ತದೆ. ಮೊದಲ ಒಂದೆರಡು ಗಂಟೆ ಶುಗರ್ ನಿರೀಕ್ಷಿಸಿದ್ದಕ್ಕಿಂತ ಕಡಿಮೆ. ಮೂರರಿಂದ ಆರು ಗಂಟೆವರೆಗೆ ಏರುತ್ತಲೇ ಇರುತ್ತದೆ. ಕೊಬ್ಬು ಕೆಲವು ಗಂಟೆ ಇನ್ಸುಲಿನ್‌ನ ಕಸುವನ್ನೂ ತಗ್ಗಿಸುತ್ತದೆ. ಬೆಳಗ್ಗೆ ಒಂಬತ್ತಕ್ಕೆ ದೋಸೆ ತಿಂದವರು ಹನ್ನೊಂದಕ್ಕೆ ಶುಗರ್ ನೋಡಿ 150 ಎಂದು ಖುಷಿಪಟ್ಟು, ಮಧ್ಯಾಹ್ನ ಊಟಕ್ಕೆ ಮುಂಚೆ 250 ಕಂಡು ಮೀಟರ್ ಕೆಟ್ಟಿದೆ ಅನ್ನುವುದು ಇದರಿಂದಲೇ.

ಮಂಡಕ್ಕಿ-ಮಿರ್ಚಿ ಇದರ ಸೋದರ. ಬರೀ ಮಂಡಕ್ಕಿ ಗ್ಲೂಕೋಸಿನ ಹತ್ತಿರದ ವೇಗದ್ದು. ಎಣ್ಣೆ, ಶೇಂಗಾ, ಹುರಿಗಡಲೆ ಬಿದ್ದ ಖಾರ ಮಂಡಕ್ಕಿ ಸ್ವಲ್ಪ ತಗ್ಗುತ್ತದೆ. ಪಕ್ಕದಲ್ಲಿ ಮೂರು ಮಿರ್ಚಿ ಇದ್ದರೆ ಪೂರ್ತಿ ಕೊಬ್ಬಿನ ಊಟದ ಸಾಲಿಗೆ ಸೇರುತ್ತದೆ. ಸಂಜೆ ಗೆಳೆಯರ ಜೊತೆ ನಿಂತು ತಿಂದದ್ದನ್ನು ಯಾರೂ ಊಟ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ರಾತ್ರಿ ಊಟದ ಅಂಕಿಯಲ್ಲಿ ಬಂದು ಕೂರುತ್ತದೆ.

ಬಾಡೂಟ ಮೂರನೆಯ ಗುಂಪು. ಎರಡು ವರ್ಷಕ್ಕೊಮ್ಮೆ ಬರುವ ದಾವಣಗೆರೆ ದುಗ್ಗಮ್ಮನ ಜಾತ್ರೆಯಲ್ಲಿ ಹೋಳಿಗೆಯ ಬೆನ್ನಿಗೆ ಬಾಡು. ಮಾಂಸದಲ್ಲಿ ಕಾರ್ಬೋಹೈಡ್ರೇಟ್ ಇಲ್ಲ, ಅದರ ಪ್ರೋಟೀನ್‌ನ ಒಂದು ಪಾಲು ಮೂರು-ನಾಲ್ಕು ಗಂಟೆ ಆದ ಮೇಲೆ ಗ್ಲೂಕೋಸಾಗಿ ಕಾಣಿಸಿಕೊಳ್ಳುತ್ತದೆ. ಎರಡು ತುಂಡಿಗೆ ಇದು ಲೆಕ್ಕಕ್ಕೆ ಬರುವುದಿಲ್ಲ. ತಟ್ಟೆ ತುಂಬ ಉಂಡರೆ ರಾತ್ರಿ ಒಂದು ಗಂಟೆಗೆ ಬರುತ್ತದೆ. ಹೋಳಿಗೆ ಇನ್ನೂ ತಮಾಷೆ: ಬೆಲ್ಲ, ಮೈದಾ ಓಡುತ್ತವೆ, ಕಡಲೆಬೇಳೆ ನಡೆಯುತ್ತದೆ, ತುಪ್ಪ ಎಲ್ಲರನ್ನೂ ಹಿಡಿದು ನಿಲ್ಲಿಸುತ್ತದೆ.

ನಿಮ್ಮ ಊಟದ ಗೆರೆ ಹಾಕಿಕೊಳ್ಳಿ

ಪಟ್ಟಿ ನೋಡಿ ಹೊತ್ತು ನಿರ್ಧರಿಸಲು ಆಗದು. ಒಂದೇ ರೊಟ್ಟಿ ಇಬ್ಬರಲ್ಲಿ ಎರಡು ಥರ ಏರುತ್ತದೆ. ವಾರದಲ್ಲಿ ಮೂರು-ನಾಲ್ಕು ಸಲ ಉಣ್ಣುವ ಒಂದು ಊಟ ಆರಿಸಿಕೊಳ್ಳಿ. ಅಪರೂಪದ ಹಬ್ಬದೂಟದಿಂದ ಶುರು ಮಾಡಬೇಡಿ.

ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ರೊಟ್ಟಿಗೆ ಹೋದ ಹಿಟ್ಟು ಎಷ್ಟು, ಬೆಂದ ಕಾಳು ಎಷ್ಟು, ಎಣ್ಣೆ ಎಷ್ಟು ಚಮಚ, ಬರೆದಿಡಿ. ಹೋಟೆಲ್ ದೋಸೆಯಾದರೆ ಒಂದು ಸಲ ಪಾರ್ಸೆಲ್ ತಂದು ಮನೆಯಲ್ಲಿ ತೂಗಿ. ಅಲ್ಲಿಂದಾಚೆ ಅಂದಾಜು ಸುಲಭ.

ಊಟಕ್ಕೆ ಮುಂಚಿನ ಶುಗರ್ 80ರಿಂದ 130ರ ನಡುವೆ ಇದ್ದ ದಿನವೇ ಪರೀಕ್ಷೆ ಮಾಡಿ. ಜ್ವರ, ನಿದ್ದೆಗೆಟ್ಟ ದಿನ, ಹೊಲದ ಕೆಲಸದ ದಿನ ಬೇಡ. ಶೇಂಗಾ ಕೀಳುವ ಕೆಲಸದಲ್ಲಿ ಬಗ್ಗಿದವರ ಶುಗರ್ ಊಟದ ಕಥೆ ಹೇಳುವುದಿಲ್ಲ, ಕೆಲಸದ ಕಥೆ ಹೇಳುತ್ತದೆ.

ಮಾಮೂಲಿ ಡೋಸ್, ಮಾಮೂಲಿ ಹೊತ್ತು. ಮೊದಲ ತುತ್ತಿನ ಹೊತ್ತನ್ನು ಸೊನ್ನೆ ಎಂದಿಟ್ಟು 1, 2, 3, 4, 5 ಗಂಟೆಗೆ ನೋಡಿ ಬರೆದಿಡಿ. ಈ ಅಂಕಿಗಳ ಏರಿಳಿತವೇ ನಿಮ್ಮ ಊಟದ ಗೆರೆ. ಸ್ಟ್ರಿಪ್ ದುಬಾರಿ ಎನಿಸಿದರೆ 1, ಎರಡೂವರೆ, ನಾಲ್ಕೂವರೆ ಗಂಟೆಯವು ಮೂರೇ ಸಾಕು, ಆದರೆ ಒಂದು ಗಂಟೆಯದನ್ನೂ ಕೊನೆಯದನ್ನೂ ಬಿಡಬೇಡಿ. ನಮಗೆ ಬೇಕಾದ ಉತ್ತರ ಇರುವುದು ಆ ಎರಡು ತುದಿಯಲ್ಲಿ. ಪ್ರತಿ ಸಲ ಸೋಪು ಹಾಕಿ ಕೈ ತೊಳೆದು ಒರೆಸಿ. ಬೆರಳಿಗೆ ಅಂಟಿದ ಬೆಲ್ಲ, ಮಾವಿನಹಣ್ಣಿನ ರಸ ಇಲ್ಲದ ಶುಗರ್ ತೋರಿಸುತ್ತದೆ. ನಡುವೆ ಕಾಫಿಗೆ ಸಕ್ಕರೆ, ಬಿಸ್ಕತ್ತು ಬೇಡ. 70ಕ್ಕಿಂತ ಇಳಿದರೆ ಪರೀಕ್ಷೆ ಅಲ್ಲಿಗೇ ಬಿಡಿ, ಮೊದಲು ಗ್ಲೂಕೋಸ್ ತಿನ್ನಿ.

ಇನ್ನೊಂದು ದಿನ ಇದೇ ಊಟ, ಇದೇ ಅಳತೆಯಲ್ಲಿ ಮತ್ತೊಮ್ಮೆ. ಎರಡೂ ಸಲ ಗೆರೆ ಒಂದೇ ಆಕಾರದಲ್ಲಿದ್ದರೆ ಮಾತ್ರ ನಂಬಿ.

ಗೆರೆ ನೋಡಿ ಹೊತ್ತು ಜರುಗಿಸುವುದು

ಒಂದು ಗಂಟೆಗೆ ಇಳಿದು, ನಾಲ್ಕು-ಐದು ಗಂಟೆಗೆ ಏರಿದ್ದರೆ ಸೂಜಿ ಬೇಗವಾಯಿತು. ವೇಗದ ಇನ್ಸುಲಿನ್‌ನವರು 15 ನಿಮಿಷ ಮುಂಚೆ ತೆಗೆದುಕೊಳ್ಳುತ್ತಿದ್ದರೆ ಮೊದಲ ತುತ್ತಿನ ಜೊತೆಗೆ ತನ್ನಿ. ಆಗಲೂ ಇಳಿಯುತ್ತಿದ್ದರೆ ಊಟ ಮುಗಿದ ಕೂಡಲೇ. ತುತ್ತು ಶುರುವಾಗಿ 20 ನಿಮಿಷಕ್ಕಿಂತ ಆಚೆ ತಳ್ಳಬೇಡಿ, ಮರೆತೇ ಹೋಗುತ್ತದೆ. ರೆಗ್ಯುಲರ್‌ನವರು 30 ನಿಮಿಷದಿಂದ 15ಕ್ಕೆ, ಬೇಕಾದರೆ ಊಟದ ಹೊತ್ತಿಗೆ. ಒಂದು ಸಲಕ್ಕೆ 10-15 ನಿಮಿಷ ಜರುಗಿಸಿ, ಮತ್ತೆ ಎರಡು ಊಟ ನೋಡಿ. ಹೊತ್ತನ್ನೂ ಡೋಸನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ದೇವರಿಗೂ ಗೊತ್ತಾಗದು.

ಒಂದು ಗಂಟೆಗೆ 220 ದಾಟಿ, ನಾಲ್ಕು ಗಂಟೆಗೆ ತಾನೇ 120ಕ್ಕೆ ಬಂದು ನಿಂತರೆ ಉಲ್ಟಾ: ಊಟ ವೇಗದ್ದು, ಸೂಜಿ ತಡವಾಯಿತು. ಇಡ್ಲಿ, ಅವಲಕ್ಕಿ, ಮುದ್ದೆ-ತಿಳಿಸಾರಿನಲ್ಲಿ ಇದೇ ಕಾಣುವುದು. ವೇಗದ ಇನ್ಸುಲಿನ್ ಅನ್ನು 15-20 ನಿಮಿಷ ಮುಂಚೆ ತೆಗೆದುಕೊಳ್ಳಬೇಕಾದ್ದು ಇಲ್ಲಿ.

ಶುರುವಿನಿಂದ ಕೊನೆವರೆಗೂ ಹೆಚ್ಚು, ಅಥವಾ ಉದ್ದಕ್ಕೂ ಕಡಿಮೆ ಇದ್ದರೆ ಅದು ಹೊತ್ತಿನ ಪ್ರಶ್ನೆಯಲ್ಲ. ಅಂಕಿ ಬರೆದಿಟ್ಟ ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗಿ.

ಊಟಕ್ಕೆ ಮುಂಚಿನ ಅಂಕಿಯೂ ಈ ಲೆಕ್ಕವನ್ನು ಬದಲಿಸುತ್ತದೆ. 70ರ ಕೆಳಗಿದ್ದರೆ ಮೊದಲು ಗ್ಲೂಕೋಸ್, ಆಮೇಲೆ ಊಟ, ಆಮೇಲೆ ಸೂಜಿ. 70ರಿಂದ 100 ಇದ್ದು ತಟ್ಟೆಯಲ್ಲಿ ಕಾಳೂಟ ಇದ್ದರೆ ಕಾಯುವುದೇ ಬೇಡ, ಉಣ್ಣುತ್ತಲೋ ಉಂಡ ಮೇಲೋ ತೆಗೆದುಕೊಳ್ಳಿ. 180 ದಾಟಿದ್ದರೆ ಕಾಳೂಟಕ್ಕೂ 10-15 ನಿಮಿಷ ಮುಂಚೆ ತೆಗೆದುಕೊಳ್ಳುವುದು ಸರಿ. ಮದುವೆಮನೆಯಲ್ಲಂತೂ ಒಂದೇ ನಿಯಮ: ಎಲೆಗೆ ಅನ್ನ ಬೀಳುವ ತನಕ ಸೂಜಿ ಇಲ್ಲ. "ಇನ್ನೇನು ಪಂಕ್ತಿ ಎದ್ದೇಬಿಡ್ತು" ಎನ್ನುವ ಮಾತನ್ನು ನಂಬಿ ಛತ್ರದ ಮೂಲೆಯಲ್ಲಿ ಚುಚ್ಚಿಕೊಂಡವರು ಮುಕ್ಕಾಲು ಗಂಟೆ ಬಾಗಿಲಲ್ಲಿ ನಿಂತಿರುತ್ತಾರೆ.

ಡೋಸನ್ನು ಎರಡು ಪಾಲು ಮಾಡುವುದು

ಬೆಣ್ಣೆ ದೋಸೆ, ಬಾಡೂಟದಂಥದ್ದಕ್ಕೆ ಹೊತ್ತು ಜರುಗಿಸಿದರೂ ಪೂರ್ತಿ ಹೊಂದುವುದಿಲ್ಲ. ಮುಂಚೆ ತೆಗೆದುಕೊಂಡರೆ ಲೋ, ತಡವಾಗಿ ತೆಗೆದುಕೊಂಡರೆ ದೋಸೆಯ ಅಕ್ಕಿ ಮೊದಲೇ ಏರಿಬಿಡುತ್ತದೆ. ವೇಗದ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಡಾಕ್ಟರು ಆಗ ಪಾಲು ಮಾಡಲು ಹೇಳುವುದುಂಟು. 10 ಯೂನಿಟ್ ಆಗಿದ್ದರೆ 6 ಊಟದ ಶುರುವಿಗೆ, ಉಳಿದ 4 ಒಂದೂವರೆ ಗಂಟೆಯ ಮೇಲೆ. ಇದು ಲೆಕ್ಕ ತೋರಿಸಲು ಹೇಳಿದ ಉದಾಹರಣೆ. ನಿಮ್ಮ ಪಾಲು ಎಷ್ಟೆಷ್ಟು ಎನ್ನುವುದನ್ನು ಅವರಿಂದ ಬರೆಸಿಕೊಳ್ಳಿ. ಇನ್ಸುಲಿನ್ ಪಂಪ್ ಇರುವವರಿಗೆ ಇದೇ ಕೆಲಸಕ್ಕೆ ಗುಂಡಿ ಇದೆ: ಒಂದಿಷ್ಟನ್ನು ಈಗಲೇ ಕೊಟ್ಟು ಉಳಿದದ್ದನ್ನು ಎರಡು-ಮೂರು ಗಂಟೆ ಉದ್ದಕ್ಕೆ ಹನಿಸುತ್ತದೆ. ರೆಗ್ಯುಲರ್‌ನವರಿಗೆ ಪಾಲು ಬಹುತೇಕ ಬೇಡ, ಅದರ ಉದ್ದ ಬಾಲವೇ ಕೊಬ್ಬಿನೂಟಕ್ಕೆ ಹೊಂದುತ್ತದೆ. ಹಳೆಯ, ಅಗ್ಗದ ಇನ್ಸುಲಿನ್ ಎಂದು ಮೂಗು ಮುರಿಯುವವರಿಗೆ ಈ ಮಾತು.

ಎರಡನೇ ಪಾಲಿನ ಮುಂಚೆ ಮೀಟರ್ ನೋಡಲೇಬೇಕು. 100ರ ಕೆಳಗಿದ್ದರೆ ಆ ಪಾಲು ಬಿಡಿ, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ತೆಗೆದುಕೊಂಡ ಕೂಡಲೇ ಹೊತ್ತು ಬರೆಯಿರಿ. "ತಗೊಂಡ್ನೋ ಇಲ್ವೋ" ಎಂಬ ಅನುಮಾನ ಬಂದರೆ ತೆಗೆದುಕೊಂಡಿದ್ದೇನೆ ಎಂದೇ ಇಟ್ಟುಕೊಳ್ಳಿ. ರಾತ್ರಿ ಹತ್ತರ ನಂತರದ ಊಟಕ್ಕೆ ಪಾಲು ಮಾಡುವುದು ಒಳ್ಳೆಯದಲ್ಲ, ಎರಡನೇ ಪಾಲು ನಿದ್ದೆಯಲ್ಲಿ ಜೋರಾಗುತ್ತದೆ.

ಎರಡು ಗಂಟೆಗೆ 210 ಕಂಡು ಗಾಬರಿಯಾಗಿ ಮೇಲಿಂದ ಮೇಲೆ ಚುಚ್ಚಿಕೊಳ್ಳುವುದು ಬೇರೆ ವಿಷಯ, ಅಪಾಯದ ವಿಷಯ. ಮೊದಲಿನ ಡೋಸ್ ಇನ್ನೂ ರಕ್ತದಲ್ಲಿ ಕೆಲಸ ಮಾಡುತ್ತಿರುತ್ತದೆ. ವೇಗದ್ದಕ್ಕೆ ನಾಲ್ಕು ಗಂಟೆ, ರೆಗ್ಯುಲರ್‌ಗೆ ಆರು ಗಂಟೆ ಕಳೆಯುವ ತನಕ ಸ್ವಂತ ಬುದ್ಧಿಯಿಂದ ಮತ್ತೊಂದು ಡೋಸ್ ಬೇಡ.

ಲೋ ಆದಾಗ ಶೇಂಗಾ ಚಿಕ್ಕಿ ಅಲ್ಲ

ನಿಧಾನದ ಊಟದ ಮೇಲೆ ಲೋ ಆದರೆ "ಹೊಟ್ಟೆಯಲ್ಲಿ ಊಟ ಇದೆಯಲ್ಲ, ತಾನೇ ಏರುತ್ತೆ" ಎಂದು ಕೂರುವವರಿದ್ದಾರೆ. ಏರುತ್ತದೆ, ಆದರೆ ಒಂದು ಗಂಟೆ ಬಿಟ್ಟು. ಅಷ್ಟು ಹೊತ್ತು ಮೆದುಳು ಕಾಯುವುದಿಲ್ಲ. 70ರ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ಮೂರು ಟೀ ಚಮಚ, ನೀರಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ಅಷ್ಟೇ. ಚಿಕ್ಕಿ, ಶೇಂಗಾ ಉಂಡೆ, ಚಾಕೊಲೇಟ್, ಪೇಡ ಇವುಗಳಲ್ಲಿ ಸಿಹಿ ಇದ್ದರೂ ಕೊಬ್ಬು ಅದನ್ನು ತಡೆದು ಹಿಡಿಯುತ್ತದೆ.

ಇನ್ನೊಂದು ಮಾತನ್ನು ಗೆರೆ ಎಳೆದು ಇಟ್ಟುಕೊಳ್ಳಿ. ನಿಮ್ಮ ಮಾತ್ರೆಗಳಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದೆಯೇ ಎಂದು ಮಾತ್ರೆಯ ಸ್ಟ್ರಿಪ್ಪಿನ ಹಿಂಭಾಗ ಓದಿ. ಇವು ಸಕ್ಕರೆಯನ್ನೂ ಪಿಷ್ಟವನ್ನೂ ಕರುಳಲ್ಲಿ ಒಡೆಯಗೊಡುವುದಿಲ್ಲ, ಅದಕ್ಕೇ ಊಟದ ನಂತರದ ಏರಿಕೆ ತಗ್ಗುತ್ತದೆ. ಲೋ ಆದಾಗಲೂ ಸಕ್ಕರೆ, ಬೆಲ್ಲ ಇವರಿಗೆ ಬೇಗ ಕೆಲಸ ಮಾಡುವುದಿಲ್ಲ. ಇಂಥವರ ಜೇಬಿನಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಮಾತಾಡಲಾಗದ, ನುಂಗಲಾಗದ ಸ್ಥಿತಿಯಲ್ಲಿದ್ದವರ ಬಾಯಿಗೆ ಏನನ್ನೂ ಹುಯ್ಯಬೇಡಿ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ನಿಧಾನ ಊಟದ್ದಲ್ಲ, ಹೊಟ್ಟೆಯದ್ದಾದರೆ

ಹತ್ತಾರು ವರ್ಷದಿಂದ ಶುಗರ್ ಇರುವವರಲ್ಲಿ ಕೆಲವರಿಗೆ ಜಠರವನ್ನು ನಡೆಸುವ ವೇಗಸ್ ನರವೇ ದುರ್ಬಲವಾಗಿರುತ್ತದೆ. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿದಂತಾಗುವುದು, ಮಧ್ಯಾಹ್ನ ಉಂಡದ್ದು ರಾತ್ರಿ ವಾಂತಿಯಲ್ಲಿ ಹಾಗೆ ಹಾಗೇ ಬರುವುದು, ಇಡ್ಲಿ ತಿಂದರೂ ಒಂದು ಗಂಟೆಗೆ ಲೋ ಆಗುವುದು ಇದರ ಗುರುತು. ಸೆಮಾಗ್ಲುಟೈಡ್, ಲಿರಾಗ್ಲುಟೈಡ್ ಎಂಬ ಶುಗರ್ ಔಷಧಿ ತೆಗೆದುಕೊಳ್ಳುವವರಲ್ಲೂ ಜಠರ ನಿಧಾನವಾಗುತ್ತದೆ. ಇವರಿಗೆ ಮೇಲಿನ ಲೆಕ್ಕಗಳು ನಿಲ್ಲುವುದಿಲ್ಲ, ಡಾಕ್ಟರೇ ಹೊತ್ತು ಗೊತ್ತುಮಾಡಬೇಕು.

ಹೊತ್ತಿನ ತಪ್ಪಿನಂತೆ ಕಾಣುವ ಬೇರೆ ತಪ್ಪುಗಳು

ಗೆರೆ ದಿನಕ್ಕೊಂದು ಆಕಾರದಲ್ಲಿ ಬರುತ್ತಿದ್ದರೆ ಊಟವನ್ನು ಬಿಟ್ಟು ಸೂಜಿ ಕಡೆ ನೋಡಿ.

ಹೊಕ್ಕಳ ಸುತ್ತ ಬೆರಳಾಡಿಸಿ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಚರ್ಮದಡಿ ಮೆತ್ತನೆ ಗಂಟು ಕಟ್ಟಿದ್ದರೆ ಅಲ್ಲಿಂದ ಇನ್ಸುಲಿನ್ ಯಾವಾಗ ಇಳಿಯುತ್ತದೆಂದು ಹೇಳಲಾಗದು. ಅಲ್ಲಿ ನೋವಾಗುವುದಿಲ್ಲವೆಂದು ಜನ ಅದೇ ಜಾಗ ಹುಡುಕುತ್ತಾರೆ. ಪ್ರತಿ ಸಲ ಒಂದು ಬೆರಳಷ್ಟು ಸರಿದು ಚುಚ್ಚಿ. ಗಂಟು ಬಿಟ್ಟು ಒಳ್ಳೆಯ ಜಾಗಕ್ಕೆ ಬಂದಾಗ ಅದೇ ಡೋಸ್ ಜಾಸ್ತಿಯಾಗಬಹುದು, ಡಾಕ್ಟರಿಗೆ ಹೇಳಿಯೇ ಬದಲಿಸಿ. ಹೊಟ್ಟೆಯಿಂದ ಬೇಗ, ತೊಡೆಯಿಂದ ನಿಧಾನ; ತೊಡೆಗೆ ಚುಚ್ಚಿ ಸೈಕಲ್ ತುಳಿದರೆ ಅದೂ ಬೇಗ. ಒಂದು ಹೊತ್ತಿನ ಊಟಕ್ಕೆ ಒಂದೇ ಭಾಗ ಇಟ್ಟುಕೊಳ್ಳಿ.

ಪೆನ್ನಿನಲ್ಲಿ ಪ್ರತಿ ಸಲ 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಬಂದದ್ದು ನೋಡಿ, ಚುಚ್ಚಿ ಗುಂಡಿ ಒತ್ತಿದ ಮೇಲೆ ಹತ್ತು ಎಣಿಸಿ ತೆಗೆಯಿರಿ. ಮಿಶ್ರಣವನ್ನು ಅಂಗೈಯಲ್ಲಿ 10 ಸಲ ಉರುಳಿಸಿ, 10 ಸಲ ತಲೆಕೆಳಗು ಮಾಡಿ, ಒಂದೇ ಬಣ್ಣಕ್ಕೆ ಬರುವ ತನಕ. ಬಾಟಲಿಯವರು ಸಿರಿಂಜಿನ ಕ್ಯಾಪ್ ನೋಡಿಕೊಳ್ಳಿ. 40ರ ಬಾಟಲಿಗೆ (ಒಂದು ಮಿ.ಲೀ.ಗೆ 40 ಯೂನಿಟ್ ಇರುವಂಥದ್ದು) ಕೆಂಪು ಕ್ಯಾಪ್, 100ರದ್ದಕ್ಕೆ ಕಿತ್ತಳೆ. ಕೆಂಪು ಕ್ಯಾಪಿನ ಸಿರಿಂಜಲ್ಲಿ 100ರ ಇನ್ಸುಲಿನ್ ಎಳೆದರೆ 10 ಅಂದುಕೊಂಡದ್ದು 25 ಆಗುತ್ತದೆ.

ಕೊನೆಯದು ಬಿಸಿಲು. ಬಳಸುತ್ತಿರುವ ಬಾಟಲಿ, ಪೆನ್ನು 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ತಡೆಯುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಸೀಮೆಯ ಶೀಟಿನ ಮನೆಯೊಳಗೆ ಅಷ್ಟು ತಂಪು ಎಲ್ಲಿಂದ ಬರಬೇಕು? ಫ್ರಿಜ್ ಇದ್ದರೆ ಬಾಗಿಲಿನ ಅರೆಯಲ್ಲಿಡಿ. ಫ್ರೀಜರಿನ ಹತ್ತಿರ ಬೇಡ, ಒಮ್ಮೆ ಗಡ್ಡೆಕಟ್ಟಿದ್ದು ಕರಗಿದರೂ ಬಿಸಾಡಬೇಕು. ಫ್ರಿಜ್ ಇಲ್ಲದಿದ್ದರೆ ಅಗಲ ಬಾಯಿಯ ಮಣ್ಣಿನ ಮಡಕೆಗೆ ಮರಳು ತುಂಬಿ, ನಡುವೆ ಕುಡಿಕೆ ಹೂತು, ಮರಳಿಗೆ ಬೆಳಗ್ಗೆ-ಸಂಜೆ ನೀರು ಹನಿಸಿ. ಇನ್ಸುಲಿನ್ ಅನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕುಡಿಕೆಯೊಳಗಿಟ್ಟು ಒದ್ದೆ ಬಟ್ಟೆ ಮುಚ್ಚಿ, ಗಾಳಿಯಾಡುವ ನೆರಳಲ್ಲಿಡಿ. ನಾಯಕನಹಟ್ಟಿ ಜಾತ್ರೆಗೋ ದೂರದ ಬಸ್ಸಿಗೋ ಹೊರಟಾಗ ಚೀಲದ ನಡುವೆ ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿಡಿ. ನಿಲ್ಲಿಸಿದ ಕಾರಿನೊಳಗೆ, ಬೈಕಿನ ಡಿಕ್ಕಿಯಲ್ಲಿ ಬೇಡ. ಎರಡು ವಾರ ಹೊಂದಿಕೊಂಡಿದ್ದ ಊಟವೊಂದು ಇದ್ದಕ್ಕಿದ್ದಂತೆ ಎಲ್ಲ ಹೊತ್ತಲ್ಲೂ ಏರತೊಡಗಿದರೆ ಹೊತ್ತು ಜರುಗಿಸುವ ಮೊದಲು ಹೊಸ ಬಾಟಲಿ ತೆರೆದು ನೋಡಿ.